ಉಡಿಯೊಳಗಿನ ಉತ್ತತ್ತಿ ಯಾವ ಊರಿನದು?

(ಹಗರಿಬೊಮ್ಮನಹಳ್ಳಿಯಲ್ಲಿ ಗಿರಣಿ ಕಾರ್ಮಿಕರು, ಹಮಾಲರು ಹಾಗೂ ಚಿಕ್ಕ ವ್ಯಾಪಾರಸ್ಥರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ. ಕಳೆದ ಜಾತ್ರೆಯ ಹಂಗಾಮಿನಲ್ಲಿ ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ಅಂಗಡಿಗಳಿಗೆ ಜಾಗ ಹಂಚುವ ಸಭೆ ಕೂಡಿತ್ತು. ನಮ್ಮನ್ನೂ ಕರೆದಿದ್ದರು. ಎಲ್ಲ ಮುಗಿಯುವ ಹೊತ್ತಿಗೆ ಒಬ್ಬ ತರುಣ ಎದ್ದು ನಿಂತು, “ಈ ಸಲ ನಮ್ಮ ಧರ್ಮದವರ ಅಂಗಡಿ ಮಾತ್ರ ಇರಲಿ” ಎಂದ. ಯಾರೂ ಹೌದೆನ್ನಲಿಲ್ಲ, ಯಾರೂ ಅಲ್ಲವೆನ್ನಲಿಲ್ಲ. ಬಾಗಿಲ ಬಳಿ ಒಬ್ಬ ಮುದುಕ ಕೂತಿದ್ದ. ಬಳೆ, ಬೆಂಡು ಬತ್ತಾಸು, ಉತ್ತತ್ತಿ ಮಾರುವವನು. ಅವನ ತಂದೆಯ ಕಾಲದಿಂದಲೂ ತೇರಿನ ಬೀದಿಯ ಅದೇ ಬೇವಿನ ಮರದ ಕೆಳಗೆ ಅವರ ಅಂಗಡಿ. ಅವನು ನಮ್ಮ ಮುಖ ನೋಡಿದ. ಹಿಂದೆ ಶಾಲೆಯಲ್ಲಿ ಅವನ ಮಗನಿಗೆ ಮಗ್ಗಿ ಕಲಿಸಿದವರು ನಾವು. ನಾಲ್ಕು ಮಾತು ಆಡಬೇಕಾಗಿತ್ತು. ಬಾಯಿ ಬರಲಿಲ್ಲ. ಮುದುಕ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಅಂದು ಆಡದೆ ಉಳಿದ ಮಾತನ್ನು ಇಂದು ತಮ್ಮ ಮುಂದೆ ಆಡಲು ಬಂದಿದ್ದೇವೆ.

ಧರ್ಮವನ್ನು ವ್ಯಾಪಾರದಲ್ಲಿ ತರಬೇಡಿ ಎಂದು ಹೇಳಿದರೆ ಕೆಲಸ ಮುಗಿಯಿತೆಂದು ಕೆಲವರು ತಿಳಿದಿದ್ದಾರೆ. ನಾವು ಹಾಗೆ ಹೇಳುವುದಿಲ್ಲ. ಏಕೆಂದರೆ ಧರ್ಮವೂ ಆಚಾರವೂ ವ್ಯಾಪಾರದೊಳಗೆ ಯಾವಾಗಲೂ ಇವೆ. ಯಾವ ಸರಕು ಬೇಕು, ಯಾವ ತಿಂಗಳು ಬೇಕು, ಯಾರನ್ನು ನಂಬಿ ಉದ್ರಿ ಕೊಡಬೇಕು, ಇದನ್ನೆಲ್ಲ ನಮ್ಮ ಹಬ್ಬ, ಮದುವೆ, ಹರಕೆಗಳೇ ನಿಶ್ಚಯಿಸುತ್ತವೆ. ಕಿರಾಣಿ ಅಂಗಡಿಯವರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ. ಶ್ರಾವಣ ಯಾವಾಗ, ರಂಜಾನ್ ಯಾವಾಗ, ಕೊಟ್ಟೂರ ತೇರು ಯಾವಾಗ ಎಂದು ನೋಡಿಯೇ ಅವರು ಮಾಲು ತರಿಸುವುದು.

ನಮ್ಮ ತಾಯಂದಿರು ಮಗಳಿಗೆ, ಸೊಸೆಗೆ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ, ಅಡಿಕೆ, ಅದರ ಜೊತೆ ಉತ್ತತ್ತಿ. ಅಕ್ಕಿ ತುಂಗಭದ್ರೆಯ ಕಾಲುವೆಯ ಕೆಳಗಿನದು. ಕೊಬ್ಬರಿ ತಿಪಟೂರಿನದು. ಉತ್ತತ್ತಿ ಯಾವ ಊರಿನದು? ಅದು ನಮ್ಮ ನೆಲದ ಬೆಳೆಯಲ್ಲ. ನಮ್ಮ ದೇಶಕ್ಕೆ ಬರುತ್ತಿದ್ದ ಉತ್ತತ್ತಿಯ ಬಹುಪಾಲು ಪಾಕಿಸ್ತಾನದ್ದು, ಅದರಲ್ಲಿಯೂ ಸಿಂಧ ಪ್ರಾಂತದ ಖೈರಪುರ ಕಡೆಯದು. 1947ರಲ್ಲಿ ದೇಶ ಎರಡಾಯಿತು, ಸಿಂಧ ಆಚೆಗೆ ಹೋಯಿತು. ಆದರೂ ಉಡಿ ತುಂಬುವ ಶಾಸ್ತ್ರ ಎರಡಾಗಲಿಲ್ಲ. ಅಲ್ಲಿಯ ಮುಸಲ್ಮಾನ ಕೂಲಿಯವನು ಮರ ಹತ್ತಿ ಗೊನೆ ಇಳಿಸುತ್ತಿದ್ದ, ಕಾಯಿ ಕುದಿಸಿ ಬಿಸಿಲಿಗೆ ಹರವುತ್ತಿದ್ದ. ಅದು ಇಲ್ಲಿಯ ಲಿಂಗಾಯತರ, ಕುರುಬರ, ನಾಯಕರ ಮನೆಯ ಮಗಳ ಉಡಿಗೆ ಬಂದು ಬೀಳುತ್ತಿತ್ತು. ಉಡಿ ತುಂಬುವ ತಾಯಿ ಒಳ್ಳೆಯದಾಗಲೆಂದು ಹರಸುತ್ತಿದ್ದಳೇ ಹೊರತು ಅದರ ಜಾತಿ ಕೇಳುತ್ತಿರಲಿಲ್ಲ.

ಮುಂದೆ ಏನಾಯಿತು? 2019ರ ಫೆಬ್ರವರಿಯಲ್ಲಿ ಪುಲ್ವಾಮಾದಲ್ಲಿ ನಮ್ಮ ಯೋಧರನ್ನು ಕೊಂದರು. ಎರಡೇ ದಿನಗಳಲ್ಲಿ ಪಾಕಿಸ್ತಾನದ ಸರಕಿಗೆ ನೂರಕ್ಕೆ 200ರಂತೆ ಸುಂಕ ಬಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನ ಹತ್ಯೆಗಳಾದ ಮೇಲೆ ಮೇ ತಿಂಗಳಲ್ಲಿ ಅಲ್ಲಿಯ ಸರಕನ್ನೇ ಪೂರ್ತಿಯಾಗಿ ನಿಷೇಧಿಸಿದರು. ದೇಶದ ರಕ್ಷಣೆಗೆ ಸರಕಾರ ಮಾಡಬೇಕಾದ್ದನ್ನು ಮಾಡಲಿ. ಅದರ ಬಗ್ಗೆ ಇಲ್ಲಿ ತಕರಾರಿಲ್ಲ. ಆದರೆ ನಡೆದ ಒಂದು ಸಂಗತಿಯನ್ನು ಗಮನಿಸಿರಿ. ನಿಷೇಧದ ನಂತರವೂ ದೊಡ್ಡ ದೊಡ್ಡ ಆಮದುದಾರರು ಅದೇ ಉತ್ತತ್ತಿಯನ್ನು ದುಬೈಗೆ ತರಿಸಿ, ಕಾಗದ ಬದಲಿಸಿ, ಬೇರೆ ದೇಶದ್ದೆಂದು ಹೇಳಿ ನಮ್ಮ ಬಂದರಿಗೆ ಇಳಿಸಲು ನೋಡಿದರು. 2025ರಲ್ಲಿ ಕಂದಾಯ ಗುಪ್ತಚರ ಇಲಾಖೆಯವರು ಅಂತಹ ಕಂಟೇನರುಗಳನ್ನು ಹಿಡಿದರು. ಸಾಹುಕಾರನಿಗೆ ಶತ್ರುದೇಶದ ಮಾಲೂ ಆಗುತ್ತದೆ, ಲಾಭವಿದ್ದರೆ. ಜಾತ್ರೆಯಲ್ಲಿ ಕಾಲು ಕಿಲೋ ತೂಗಿಕೊಡುವ ನಮ್ಮೂರ ಮುದುಕ ಮಾತ್ರ ಆಗುವುದಿಲ್ಲ! ಈ ನ್ಯಾಯ ಎಲ್ಲಿಯದು?

ಬಂಧುಗಳೇ, ಇನ್ನು ಮಂಗಳಾರತಿಯ ತಟ್ಟೆಗೆ ಬರೋಣ. ಇಂದು ನಾವು ಹಚ್ಚುವ ಕರ್ಪೂರ ಬಹುಮಟ್ಟಿಗೆ ಕಾರ್ಖಾನೆಯಲ್ಲಿ ಟರ್ಪೆಂಟೈನ್‌ನಿಂದ ಮಾಡಿದ್ದು. ಹಿಂದೆ ಅದು ಮರದಿಂದ ಬರುತ್ತಿತ್ತು. ಅತ್ಯುತ್ತಮ ಕರ್ಪೂರವೆಂದು ಹೆಸರಾಗಿದ್ದದ್ದು ಸಮುದ್ರದಾಚೆಯ ಸುಮಾತ್ರಾ ದ್ವೀಪದ ಬಾರುಸ್ ಬಂದರಿನದು. ಆ ಬಾರುಸಿನ ಹತ್ತಿರ ಒಂದು ಕಲ್ಲು ಸಿಕ್ಕಿದೆ. ಅದರ ಮೇಲೆ ತಮಿಳು ಬರಹ, ಕಾಲ ಕ್ರಿ.ಶ. 1088. ಬಂದರಿಗೆ ಬಂದ ಹಡಗಿನವರು ಚಿನ್ನದಲ್ಲಿ ಎಷ್ಟು ತೆರಬೇಕೆಂದು ವರ್ತಕರ ಒಂದು ಸಂಘ ಮಾಡಿದ ಕಟ್ಟಳೆ ಅದು. ಆ ಸಂಘ ಯಾವುದು? ನಮ್ಮ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು! ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಬೇರುಬಿಟ್ಟು, ಕನ್ನಡ, ತೆಲುಗು, ತಮಿಳು ನಾಡುಗಳಿಗೆ ಹಬ್ಬಿ, ಕಡಲಾಚೆಗೂ ಹೋದ ಸಂಘ.

ಅವರೂ ಧರ್ಮವನ್ನು ಬಿಟ್ಟು ವ್ಯಾಪಾರ ಮಾಡಲಿಲ್ಲ. ತಮ್ಮ ವೃತ್ತಿಗೇ ‘ಬಣಂಜು ಧರ್ಮ’ ಎಂದು ಹೆಸರಿಟ್ಟುಕೊಂಡರು. ಗುಡಿ ಕಟ್ಟಿಸಿದರು, ದತ್ತಿ ಬಿಟ್ಟರು, ನಂದಿಧ್ವಜ ಹಿಡಿದರು. ಆದರೆ ಆ ಧರ್ಮದ ಅರ್ಥವೇನು? ತೂಕ ಸರಿಯಾಗಿರಬೇಕು, ಕೊಟ್ಟ ಮಾತು ನಡೆಯಬೇಕು, ಸಂಘದ ಕಟ್ಟಳೆಗೆ ಎಲ್ಲರೂ ಬಾಗಬೇಕು. ಅವರಲ್ಲಿ ಶೈವರಿದ್ದರು, ಜೈನರಿದ್ದರು, ವೈಷ್ಣವರಿದ್ದರು. ಪರವೂರಿನಲ್ಲಿ, ಪರಭಾಷೆಯವರ ನಡುವೆ, ಪೊಲೀಸು ಕೋರ್ಟು ಇಲ್ಲದ ಕಾಲದಲ್ಲಿ ಒಬ್ಬನನ್ನೊಬ್ಬ ನಂಬಲು ಈ ಧರ್ಮ ಆಧಾರವಾಗಿತ್ತು. ಧರ್ಮ ವ್ಯಾಪಾರಕ್ಕೆ ಮಾಡಬಲ್ಲ ದೊಡ್ಡ ಉಪಕಾರ ಇದೇ: ನಂಬಿಕೆಯನ್ನು ಬೆಳೆಸುವುದು. ಅಪನಂಬಿಕೆಯನ್ನು ಬೆಳೆಸುವುದಕ್ಕೆ ಧರ್ಮ ಬೇಕಿಲ್ಲ; ಅದಕ್ಕೆ ಒಂದು ಚುನಾವಣೆ ಸಾಕು.

ನಮ್ಮ ಬದಿಯ ಹಂಪಿಗೆ ಹೋಗೋಣ. 2021ರಿಂದ ನಮ್ಮ ಜಿಲ್ಲೆಗೆ ವಿಜಯನಗರವೆಂದೇ ಹೆಸರು. ಆ ಹೆಸರನ್ನು ಹಿಡಿದು ಇಂದು ಬಹಳ ಜನ ಗಂಟಲು ಹರಿದುಕೊಳ್ಳುತ್ತಾರೆ. ಆ ರಾಜ್ಯ ನಿಂತದ್ದು ಯಾವುದರ ಮೇಲೆ? ಕುದುರೆ ದಂಡಿನ ಮೇಲೆ. ಒಳ್ಳೆಯ ಕುದುರೆ ನಮ್ಮ ನಾಡಿನ ಹವೆಯಲ್ಲಿ ಬೆಳೆಯುವುದಿಲ್ಲ. ಅರಬಸ್ಥಾನದಿಂದ, ಪಾರಸದಿಂದ, ಹೊರ್ಮುಜ್ ಬಂದರಿನಿಂದ ಹಡಗಿನಲ್ಲಿ ಬರಬೇಕು. ಭಟಕಳದಂತಹ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಬೇಕು. ತರುವವರು ಮುಸಲ್ಮಾನ ವ್ಯಾಪಾರಿಗಳು. ಹಾಗಾದರೆ ವಿರೂಪಾಕ್ಷನ ಭಕ್ತರಾದ ರಾಜರು ಅವರೊಡನೆ ಹೇಗೆ ನಡೆದುಕೊಂಡರು?

ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬಾತ 1439ರಲ್ಲಿ ಹಂಪಿಯಲ್ಲಿ ಒಂದು ಮಸೀದಿ ಕಟ್ಟಿಸಿದ. ಅದು ಇಂದಿಗೂ ನಿಂತಿದೆ, ಹೋಗಿ ನೋಡಬಹುದು. ಹೊರಗಿನಿಂದ ನೋಡಿದರೆ ಹಂಪಿಯ ಮಂಟಪದಂತೆಯೇ ಕಾಣುತ್ತದೆ. ಶಾಸನದಲ್ಲಿ ಅದನ್ನು ಧರ್ಮಸಾಲೆ ಎಂದು ಕರೆದಿದ್ದಾನೆ, ರಾಜನಿಗೆ ಪುಣ್ಯ ಬರಲೆಂದು ಕಟ್ಟಿಸಿದೆನೆಂದು ಬರೆಸಿದ್ದಾನೆ. ತನ್ನ ಮುಸಲ್ಮಾನ ದಂಡಾಳುಗಳು ಯಾವ ಸಂಕೋಚವೂ ಇಲ್ಲದೆ ಬಾಗಿ ನಮಸ್ಕರಿಸಲೆಂದು ದೇವರಾಯ ಸಿಂಹಾಸನದ ಮುಂದೆ ಕುರಾನನ್ನು ಇಡಿಸಿದ್ದನೆಂದು ಫರಿಷ್ತಾ ಎಂಬ ಇತಿಹಾಸಕಾರ ಬರೆದಿದ್ದಾನೆ. ಕೃಷ್ಣದೇವರಾಯ ತೆಲುಗಿನಲ್ಲಿ ಬರೆದ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ ಇದನ್ನು ಬಿಚ್ಚಿಯೇ ಹೇಳಿದ್ದಾನೆ. ಅದರ ಸಾರ ಇಷ್ಟು: ಬಂದರುಗಳನ್ನು ಚೆನ್ನಾಗಿಡು, ಬಿರುಗಾಳಿಗೆ ಸಿಕ್ಕಿ ನಮ್ಮ ದಡಕ್ಕೆ ಬಂದ ಪರದೇಶದವರನ್ನು ಅವರವರ ರೀತಿಗೆ ತಕ್ಕಂತೆ ನೋಡಿಕೋ, ಆನೆ ಕುದುರೆ ತರುವ ದೂರದ ವರ್ತಕರಿಗೆ ಮರ್ಯಾದೆಯನ್ನೂ ತಕ್ಕ ಲಾಭವನ್ನೂ ಕೊಡು, ಇಲ್ಲದಿದ್ದರೆ ಆ ಕುದುರೆ ನಿನ್ನ ವೈರಿಯ ಲಾಯಕ್ಕೆ ಹೋಗುತ್ತದೆ.

ಆ ರಾಜರು ದೇವತೆಗಳಾಗಿದ್ದರೆಂದು ನಾವು ಹೇಳುವುದಿಲ್ಲ. 1535ರ ಸುಮಾರಿಗೆ ಇಲ್ಲಿದ್ದ ಪೋರ್ಚುಗೀಸ ಕುದುರೆ ವ್ಯಾಪಾರಿ ನೂನಿಜ್, ಅರಸನು ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಕೊಳ್ಳುತ್ತಿದ್ದನೆಂದು ಬರೆದ. ಸಾಳುವ ನರಸಿಂಹನ ಕಾಲದಲ್ಲಿ ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತಂತೆ! ಸತ್ತ ಕುದುರೆಯ ಬಾಲಕ್ಕೂ ಹಣ ಎಣಿಸಿದವನು ರಾಜ. ಆ ಹಣವನ್ನು ತೆತ್ತವನು ಹಗರಿಯ ದಂಡೆಯಲ್ಲಿ ಜೋಳ ಬೆಳೆದ ಒಕ್ಕಲಿಗ. ಇದನ್ನು ಮರೆಯಬಾರದು. ಆದರೂ ಒಂದು ಬುದ್ಧಿ ಆ ರಾಜರಿಗಿತ್ತು: ತನಗೆ ಬೇಕಾದ ಸರಕು ತರುವವನ ದೇವರನ್ನು ಅವಮಾನಿಸಬಾರದು.

ಆ ಬುದ್ಧಿ ಪೋರ್ಚುಗೀಸರಿಗಿರಲಿಲ್ಲ. 1510ರಲ್ಲಿ ಗೋವೆ ಹಿಡಿದರು. ಕುದುರೆಯ ವ್ಯಾಪಾರವೆಲ್ಲ ತಮ್ಮ ಕೈಯಲ್ಲೇ ಇರಬೇಕೆಂದರು. ತಮ್ಮ ಪರವಾನಗಿ ಪತ್ರವಿಲ್ಲದ ಅರಬರ ಹಡಗುಗಳನ್ನು ಕಡಲಿನಲ್ಲೇ ಹಿಡಿದರು. 1560ರಲ್ಲಿ ಗೋವೆಗೆ ಧರ್ಮವಿಚಾರಣೆಯ ನ್ಯಾಯಾಲಯ ತಂದು ಜನರ ನಂಬಿಕೆಯ ಮೇಲೆ ಕಾವಲು ಹಾಕಿದರು. ಧರ್ಮದ ಕಾಟಕ್ಕೆ ಹೆದರಿ ಕೊಂಕಣಿ ವರ್ತಕ ಕುಟುಂಬಗಳು ದೇವರ ಮೂರ್ತಿಗಳನ್ನು ಹೊತ್ತುಕೊಂಡು ಕನ್ನಡ ಕರಾವಳಿಗೆ, ಕೇರಳಕ್ಕೆ ಬಂದವು. ಬಂದಲ್ಲಿ ಅಂಗಡಿ ತೆರೆದು ಆ ಊರುಗಳ ಪೇಟೆಯನ್ನು ಬೆಳೆಸಿದವು. ಓಡಿಸಿದವನು ಕಳೆದುಕೊಂಡ, ಕರೆದು ಕೂರಿಸಿದವನು ಗಳಿಸಿದ. ಅಲ್ಲದೆ 1565ರಲ್ಲಿ ವಿಜಯನಗರ ಬಿದ್ದಾಗ, ಕುದುರೆ ಕೊಳ್ಳುವ ದೊಡ್ಡ ಗಿರಾಕಿಯೇ ಇಲ್ಲದೆ ಗೋವೆಯ ವ್ಯಾಪಾರವೂ ಕುಸಿಯಿತು. ನೆರೆಯವನ ಮನೆ ಉರಿದರೆ ನಮ್ಮ ಮನೆಗೆ ಬೆಳಕಾಗುವುದಿಲ್ಲ.

ಹಳೆಯ ಕಥೆ ಸಾಕೆಂದು ಯಾರಾದರೂ ಅಂದಾರು. ಸರಿ, ಈ ಕಾಲದ್ದೇ ನೋಡೋಣ. ನಮ್ಮಲ್ಲಿ ಎಷ್ಟೋ ಮಂದಿ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವರಿದ್ದೀರಿ. ಆ ಕೂದಲನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ; ಅದು ಪರದೇಶಗಳಿಗೆ ಹೋಗಿ ವಿಗ್ ಆಗುತ್ತದೆ. ಮದುವೆಯಾದ ಯೆಹೂದಿ ಹೆಂಗಸರು ತಮ್ಮ ಆಚಾರದ ಪ್ರಕಾರ ತಲೆಗೂದಲು ಮುಚ್ಚಿಕೊಳ್ಳಬೇಕು. ಅದಕ್ಕಾಗಿ ಅವರಲ್ಲಿ ಅನೇಕರು ಇಂತಹ ವಿಗ್ ಧರಿಸುತ್ತಿದ್ದರು. 2004ರಲ್ಲಿ ಜೆರುಸಲೇಮಿನ ಧರ್ಮಗುರುಗಳು ವಿಚಾರಿಸಿ, ಇದು ವಿಗ್ರಹಕ್ಕೆ ಅರ್ಪಿಸಿದ ಕೂದಲು, ಆದುದರಿಂದ ಇದನ್ನು ಧರಿಸಕೂಡದು ಎಂದು ತೀರ್ಪು ಕೊಟ್ಟರು. ಇಸ್ರೇಲಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ವಿಗ್‌ಗಳನ್ನು ಬೀದಿಯಲ್ಲಿ ಸುಟ್ಟರು. ನಮ್ಮ ಹರಕೆ ಒಂದು ಧರ್ಮ, ಅವರ ನಿಷೇಧ ಇನ್ನೊಂದು ಧರ್ಮ. ನಡುವೆ ಸಾವಿರಾರು ಮೈಲಿಯ ವ್ಯಾಪಾರ ಒಂದೇ ಮಾತಿಗೆ ಅಲುಗಾಡಿತು.

ಇದೇ ಸರಕಿನ ಇನ್ನೊಂದು ದಾರಿ ನಮ್ಮ ಪಕ್ಕದಲ್ಲೇ ಇದೆ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಕೂದಲಿನ ಉದ್ಯೋಗ ಹೆಸರುವಾಸಿ. ಬಾಚಿದಾಗ ಉದುರಿದ ಕೂದಲನ್ನು ಹಳ್ಳಿಹಳ್ಳಿ ತಿರುಗಿ, ಪಾತ್ರೆ ಸಾಮಾನು ಕೊಟ್ಟು ಕೊಂಡು ತರುತ್ತಾರೆ. ಹೆಂಗಸರು ನೆಲದ ಮೇಲೆ ಕೂತು ಸಿಕ್ಕು ಬಿಡಿಸುತ್ತಾರೆ, ಉದ್ದ ಗಿಡ್ಡ ನೋಡಿ ಬೇರೆ ಮಾಡುತ್ತಾರೆ. ಧೂಳು ಮೂಗಿಗೆ, ಸಿಕ್ಕು ಕಣ್ಣಿಗೆ. ಅಲ್ಲಿಂದ ಸರಕು ಚೀನಾ, ಮ್ಯಾನ್ಮಾರ್‌ಗಳತ್ತ ಹೋಗುತ್ತದೆ. ಹಸಿ ಕೂದಲು ಕಳ್ಳದಾರಿಯಲ್ಲಿ ಹೊರಗೆ ಹೋಗುತ್ತಿದೆಯೆಂದು 2022ರ ಜನವರಿಯಲ್ಲಿ ಕೇಂದ್ರ ಸರಕಾರ ಅದರ ರಫ್ತಿಗೆ ನಿರ್ಬಂಧ ಹಾಕಿತು. ಜೆರುಸಲೇಮಿನಲ್ಲಿ ತೀರ್ಪು ಕೊಟ್ಟವರಾಗಲಿ, ದೇವಸ್ಥಾನದಲ್ಲಿ ಹರಾಜು ಕೂಗುವವರಾಗಲಿ, ದಿಲ್ಲಿಯಲ್ಲಿ ಆಜ್ಞೆ ಹೊರಡಿಸುವವರಾಗಲಿ, ಸಿಕ್ಕು ಬಿಡಿಸುವ ಹೆಂಗಸಿಗೆ ದಿನಕ್ಕೆಷ್ಟು ಕೂಲಿ ಎಂದು ಕೇಳಿದರೇ? ಪವಿತ್ರ ಅಪವಿತ್ರದ ಚರ್ಚೆಯಲ್ಲಿ ಕೂಲಿಯ ಲೆಕ್ಕ ಎಂದೂ ಬರುವುದಿಲ್ಲ. ಆ ಲೆಕ್ಕ ತೆಗೆಯುವುದು ನಮ್ಮ ಕೆಲಸ.

ಸಂಗಾತಿಗಳೇ, 2022ನೆಯ ಇಸವಿಯನ್ನು ಚೆನ್ನಾಗಿ ನೆನಪಿಡಿರಿ. ಫೆಬ್ರವರಿಯಲ್ಲಿ ನಮ್ಮ ಸರಕಾರ ಅರಬ್ ಸಂಯುಕ್ತ ಸಂಸ್ಥಾನದೊಡನೆ ದೊಡ್ಡ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಮೇ 1ರಿಂದ ಅದು ಜಾರಿಗೆ ಬಂತು. ನಡುವೆ ಮಾರ್ಚ್ ತಿಂಗಳಲ್ಲಿ ಉಡುಪಿ ಜಿಲ್ಲೆಯ ಕಾಪುವಿನ ಮಾರಿಜಾತ್ರೆಯಿಂದ ಶುರುವಾಗಿ ಊರೂರಿಗೆ ಒಂದು ಕೂಗು ಹಬ್ಬಿತು: ಮುಸಲ್ಮಾನರ ಅಂಗಡಿಗೆ ಜಾತ್ರೆಯಲ್ಲಿ ಜಾಗವಿಲ್ಲ. ದೇವಸ್ಥಾನದ ಜಾಗವನ್ನು ಅನ್ಯಧರ್ಮದವರಿಗೆ ಕೊಡಕೂಡದೆಂಬ 2002ರ ನಿಯಮವನ್ನು ವಿಧಾನಸಭೆಯಲ್ಲಿ ತೋರಿಸಿದರು. ಅದರ ಬೆನ್ನಿಗೇ ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿರೆಂದರು. ಆದರೆ ನಮ್ಮ ದೇಶದಿಂದ ಕೊಲ್ಲಿಗೆ ಹೋಗುವ ಮಾಂಸವೆಲ್ಲ ಹಲಾಲ್ ಮುದ್ರೆಯದೇ. ಅದನ್ನು ಕಳಿಸುವ ಕಂಪನಿಗಳ ಒಡೆಯರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಅಬುಧಾಬಿಯಲ್ಲಿ ಅಲ್ಲಿಯ ದೊರೆಗಳು ಕೊಟ್ಟ ನೆಲದಲ್ಲಿ ಎದ್ದ ಹಿಂದೂ ದೇವಾಲಯವನ್ನು 2024ರ ಫೆಬ್ರವರಿಯಲ್ಲಿ ನಮ್ಮ ಪ್ರಧಾನಿಗಳೇ ಹೋಗಿ ಉದ್ಘಾಟಿಸಿದರು. ಒಳ್ಳೆಯದೇ ಆಯಿತು. ಆದರೆ ಕೇಳುತ್ತೇವೆ: ಎಣ್ಣೆಯ ಬಾವಿಯಿದ್ದ ಮುಸಲ್ಮಾನನಿಗೆ ಅಪ್ಪುಗೆ, ಬಳೆಯ ಗಂಟು ಹೊತ್ತ ಮುಸಲ್ಮಾನನಿಗೆ ಬಹಿಷ್ಕಾರವೇ? ಹಾಗಾದರೆ ಇದು ಧರ್ಮದ ಮಾತಲ್ಲ, ಬಡತನದ ಮೇಲಿನ ದಬ್ಬಾಳಿಕೆಯ ಮಾತು.

ಕಲ್ಲು ಆಚೆಯಿಂದಲೂ ಬಿತ್ತು. ಅದೇ ವರ್ಷ ಜೂನಿನಲ್ಲಿ ಪ್ರವಾದಿಯವರ ಬಗ್ಗೆ ಇಲ್ಲಿ ಯಾರೋ ಆಡಿದ ಮಾತಿಗೆ ಸಿಟ್ಟಾಗಿ, ಕುವೈತಿನ ಒಂದು ಅಂಗಡಿಯವರು ಹಿಂದೂಸ್ಥಾನದ ಚಹಾ ಮುಂತಾದ ಸಾಮಾನನ್ನು ಕಪಾಟಿನಿಂದ ತೆಗೆದರು. ಅಕ್ಕಿ, ಮಸಾಲೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದರು. ಮಾತಾಡಿದವರಿಗೆ ಅದರಿಂದ ಏನು ನಷ್ಟ? ಚಹಾದ ಎಲೆ ಕಿತ್ತವಳು ಮಾತಾಡಿದ್ದಳೇ? ಅದೂ ತಪ್ಪು, ಇದೂ ತಪ್ಪು. ಧರ್ಮದ ಹೆಸರಿನ ಬಹಿಷ್ಕಾರ ಯಾವ ಕಡೆಯಿಂದ ಬಂದರೂ ಮೊದಲು ತಗಲುವುದು ಕೆಳಗೆ ನಿಂತವನಿಗೆ.

ಇಲ್ಲಿ ಒಬ್ಬ ಹಿರಿಯರು, “ಗಾಂಧಿಯವರೂ ಪರದೇಶದ ಬಟ್ಟೆ ಬಹಿಷ್ಕರಿಸಲಿಲ್ಲವೇ?” ಎಂದು ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಗಾಂಧಿಯವರು ಬಹಿಷ್ಕರಿಸಿದ್ದು ನಮ್ಮ ನೇಕಾರನ ಮಗ್ಗ ಮುರಿದ ಒಂದು ಆಳ್ವಿಕೆಯ ಸರಕನ್ನು, ಕ್ರೈಸ್ತರ ಅಂಗಡಿಯನ್ನಲ್ಲ. 1931ರಲ್ಲಿ ಇಂಗ್ಲೆಂಡಿಗೆ ಹೋದಾಗ, ಕೆಲಸ ಕಳೆದುಕೊಂಡಿದ್ದ ಲ್ಯಾಂಕಶೈರಿನ ಗಿರಣಿ ಕಾರ್ಮಿಕರ ಊರಾದ ಡಾರ್ವೆನ್‌ಗೇ ಹೋದರು. ಅವರ ಕಷ್ಟ ಕೇಳಿದರು, ತಮ್ಮ ಹಳ್ಳಿಗಳ ಹಸಿವನ್ನು ಹೇಳಿದರು. ಆ ಕಾರ್ಮಿಕರು ಅವರನ್ನು ಬೈಯಲಿಲ್ಲ, ಸುತ್ತ ನೆರೆದು ಜಯಕಾರ ಹಾಕಿದರು. ಬಹಿಷ್ಕಾರ ಕೂಗುವವರು ತಾವು ಅನ್ನ ಕಸಿದವನ ಮನೆಗೆ ಹೋಗಿ, ಕಣ್ಣಿಗೆ ಕಣ್ಣು ಕೊಟ್ಟು ಕೂತುಕೊಳ್ಳಬಲ್ಲರೇ? ಇದೇ ಒರೆಗಲ್ಲು.

ಇನ್ನು ನಮ್ಮ ಎಣ್ಣೆ ಗಿರಣಿಗಳ ಸಂಗತಿ. ಶೇಂಗಾ ಈ ನೆಲದ ಬೆಳೆ. ಉಜ್ಜಿನಿಯಲ್ಲಿ ಗುಡಿಯ ಶಿಖರಕ್ಕೇ ಎಣ್ಣೆ ಎರೆಯುವ ಸೀಮೆ ನಮ್ಮದು. ಗಾಣ, ಗಿರಣಿಗಳಿಗೆ ನಿಜವಾದ ಪೆಟ್ಟು ಕೊಟ್ಟವರು ಯಾರು? 1994ರಲ್ಲಿ ಪಾಮೋಲಿನ್ ಎಣ್ಣೆಯ ಆಮದನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟರು. ಆಮೇಲೆ ಸುಂಕವನ್ನು ಇಳಿಸುತ್ತ ಬಂದರು. ಇಂಡೋನೇಷಿಯಾ, ಮಲೇಷಿಯಾಗಳ ಅಗ್ಗದ ಎಣ್ಣೆ ಹಡಗುಗಟ್ಟಲೆ ಬಂತು. ಇಂದು ಅಂಗಡಿಯಲ್ಲಿ ‘ದೀಪದ ಎಣ್ಣೆ’ ಎಂದು ಸಿಗುವುದರಲ್ಲಿಯೂ ಆ ತಾಳೆಎಣ್ಣೆಯ ಬೆರಕೆ ಸಾಮಾನ್ಯ. ಆ ದೇಶಗಳ ಜನ ಬಹುಪಾಲು ಮುಸಲ್ಮಾನರು. ದೇವರು ಆ ದೀಪವನ್ನು ಒಲ್ಲೆನೆಂದಿಲ್ಲ. ಆದರೆ ಸುಂಕ ಇಳಿಸಿದ ಕೈಯನ್ನು ಯಾರೂ ಪ್ರಶ್ನಿಸಲಿಲ್ಲ. ಗಿರಣಿ ನಿಂತು ಕೆಲಸ ಹೋದವನಿಗೆ, “ನಿನ್ನ ಕಷ್ಟಕ್ಕೆ ಕಾರಣ ಆ ಬಳೆಗಾರ” ಎಂದು ಬೆರಳು ತೋರಿಸಿದರು. ಬೆರಳು ತೋರಿಸಿದವರು ಯಾರ ಹಣದಿಂದ ಸಭೆ ಮಾಡುತ್ತಾರೆಂದು ವಿಚಾರಿಸಿರಿ.

ಆ ಬಳೆಯೂ ಎಲ್ಲಿಯದು? ನಮ್ಮ ಮುತ್ತೈದೆಯರ ಕೈಯ ಹಸಿರು ಗಾಜಿನ ಬಳೆ ಉತ್ತರ ಪ್ರದೇಶದ ಫಿರೋಜಾಬಾದಿನದು. ಕುಲುಮೆಯ ಬೆಂಕಿಯ ಮುಂದೆ ಹಿಂದೂ ಕಾರ್ಮಿಕನೂ ಇದ್ದಾನೆ, ಮುಸಲ್ಮಾನ ಕಾರ್ಮಿಕನೂ ಇದ್ದಾನೆ. ಸುಡುವ ಬಿಸಿ ಇಬ್ಬರಿಗೂ ಒಂದೇ. ನಮ್ಮ ಹಳ್ಳಿಗಳಲ್ಲಿ ಅಲಾಯಿ ಹಬ್ಬಕ್ಕೆ ಕುಣಿ ತೋಡುವವರು, ಪೀರಲ ದೇವರಿಗೆ ಸಕ್ಕರೆ ಓದಿಸುವವರು ಯಾರು? ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲಿಯೂ ನಮ್ಮ ಜನ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಇದು ನಮ್ಮ ಸಂಸ್ಕೃತಿ. ಇದನ್ನು ನಮಗೆ ಹೊಸದಾಗಿ ಕಲಿಸಲು ಯಾರೂ ಬರಬೇಕಾಗಿಲ್ಲ.

ಕೊನೆಯದಾಗಿ ಮಾಡಬೇಕಾದ ಕೆಲಸ. ಒಂದು, ಜಾತ್ರೆಯ ಅಂಗಡಿ ಜಾಗವನ್ನು ಚೀಟಿ ಎತ್ತಿ ಹಂಚಬೇಕು. ನೆಲಬಾಡಿಗೆಯ ದರವನ್ನು ಮೊದಲೇ ಹಲಗೆಯ ಮೇಲೆ ಬರೆದು ಹಾಕಬೇಕು. ದೊಡ್ಡ ಗುತ್ತಿಗೆದಾರ ಇಡೀ ಬೀದಿಯನ್ನು ಹಿಡಿದು ಚಿಕ್ಕವರಿಗೆ ದುಪ್ಪಟ್ಟು ದರಕ್ಕೆ ಕೊಡುವುದು ನಿಲ್ಲಬೇಕು. ಇದರಿಂದ ನಮ್ಮ ಬಡ ಹಿಂದೂ ವ್ಯಾಪಾರಿಗೂ ಉಪಕಾರವೇ. ಎರಡು, ಗುಡಿಯ ಜಾಗದ 2002ರ ನಿಯಮ ಅಡ್ಡ ಬಂದರೆ ಅಂಗಡಿಗಳನ್ನು ಗ್ರಾಮ ಪಂಚಾಯಿತಿಯ ಬೀದಿಯಲ್ಲಿ ಹಾಕಿಸಲು ಅರ್ಜಿ ಕೊಡಬೇಕು. ಆ ನಿಯಮವನ್ನು ತಿದ್ದಲು ಒತ್ತಾಯಿಸಬೇಕು. ಮೂರು, ಗಿರಣಿಯಲ್ಲಿ, ಪೇಟೆಯಲ್ಲಿ, ಕೂದಲು ಬಿಡಿಸುವ ಮನೆಗಳಲ್ಲಿ ದುಡಿಯುವವರಿಗೆ ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಸಿಗುತ್ತಿದೆಯೇ ಎಂದು ಲೆಕ್ಕ ತೆಗೆಯಬೇಕು. ಧರ್ಮದ ಜಗಳ ಜೋರಾದ ಕಡೆ ಈ ಲೆಕ್ಕವನ್ನು ಯಾರೂ ಕೇಳುವುದಿಲ್ಲ; ಜಗಳ ಹಚ್ಚುವುದು ಅದಕ್ಕಾಗಿಯೇ.

ಮುಂದಿನ ಜಾತ್ರೆಯ ಸಭೆ ಇನ್ನೂ ಕೂಡಬೇಕಾಗಿದೆ. ಆ ಮುದುಕನ ಮನೆಗೆ ನಾವು ಹೋಗಿದ್ದೆವು. ಕ್ಷಮೆ ಕೇಳಿದೆವು. “ಮಾಸ್ತರೇ, ಅಂಗಡಿ ಹೋದದ್ದಕ್ಕಲ್ಲ, ನೀವು ಸುಮ್ಮನೆ ಕೂತದ್ದಕ್ಕೆ ಬೇಜಾರಾಯಿತು” ಎಂದು ಅವನು ಹೇಳಿದ. ಈ ಸಲ ನಾವು ಸುಮ್ಮನೆ ಕೂಡುವುದಿಲ್ಲ. ಆದರೆ ಒಂದು ಬಾಯಿಯಿಂದ ಆಗುವ ಕೆಲಸವಲ್ಲ ಇದು. ಆ ದಿನ ಗಿರಣಿಯ ಪಾಳಿ ಮುಗಿಸಿ ಹತ್ತು ಮಂದಿ, ಅಂಗಡಿಯ ಬಾಗಿಲು ಒಂದು ಗಳಿಗೆ ಮುಚ್ಚಿ ಹತ್ತು ಮಂದಿ ನಮ್ಮೊಡನೆ ಬರಬೇಕು. ಬೇವಿನ ಮರದ ಕೆಳಗಿನ ಜಾಗ ಯಾರದೆಂದು ಕೇಳಿದಾಗ ಕೈ ಎತ್ತಬೇಕು. ಬರುತ್ತೀರೆಂದು ನಂಬಿದ್ದೇವೆ.